ಕಾರ್ಡ್ ಇಲ್ಲದೆ ಕ್ಯಾಮೆರಾ ಕ್ಲಿಕ್ ಆಗದಂತೆ ಮಾಡಿಕೊಳ್ಳಿ

ಮೆಮೊರಿ ಕಾರ್ಡ್ ಹಾಕದಿದ್ದರೂ ಎಷ್ಟೋ ಕ್ಯಾಮೆರಾಗಳಲ್ಲಿ ಶಟರ್ ಕ್ಲಿಕ್ ಆಗುತ್ತದೆ. ತೆಗೆದ ಫೋಟೋ ಸ್ಕ್ರೀನ್ ಮೇಲೂ ಒಂದು ಕ್ಷಣ ಕಾಣಿಸಬಹುದು. ಆದರೆ ಅದು ಎಲ್ಲೂ ಉಳಿದಿರುವುದಿಲ್ಲ, ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿದರೂ ವಾಪಸ್ ಬರುವುದಿಲ್ಲ. ಅದಕ್ಕೇ ದಯವಿಟ್ಟು ಇವತ್ತೇ ಮೆನು ತೆರೆದು ಒಂದು ಸೆಟ್ಟಿಂಗ್ ನೋಡಿ. ಕ್ಯಾನನ್‌ನಲ್ಲಿ ‘ರಿಲೀಸ್ ಶಟರ್ ವಿದೌಟ್ ಕಾರ್ಡ್’ ಅಂತ ಇರುತ್ತದೆ, ಅದನ್ನು ಆಫ್ ಮಾಡಿ. ಸೋನಿಯಲ್ಲೂ ‘ರಿಲೀಸ್ ವಿದೌಟ್ ಕಾರ್ಡ್’ ಅನ್ನು ಡಿಸೇಬಲ್ ಮಾಡಬೇಕು. ನಿಕಾನ್‌ನಲ್ಲಿ ಮಾತ್ರ ಉಲ್ಟಾ: ‘ಸ್ಲಾಟ್ ಎಂಪ್ಟಿ ರಿಲೀಸ್ ಲಾಕ್’ ಎಂಬಲ್ಲಿ ಲಾಕ್ ಆರಿಸಿ. ಮಾಡೆಲ್ ಬದಲಾದರೆ ಹೆಸರು ಸ್ವಲ್ಪ ಬೇರೆ ಇರಬಹುದು.

ಆದರೆ ದೂರ ಹೋದ ಮೇಲೆ ಕಾರ್ಡ್ ಇಲ್ಲ ಅಂತ ಗೊತ್ತಾಗಿ ಏನು ಪ್ರಯೋಜನ, ಅಲ್ವಾ? ಕಾರ್ಡ್ ಮರೆಯುವುದು ಜಾಸ್ತಿ ಕಂಪ್ಯೂಟರ್‌ಗೆ ಫೋಟೋ ಹಾಕಿಕೊಂಡಾಗಲೇ. ಹಾಗಾಗಿ ಕಾರ್ಡ್ ಹೊರತೆಗೆದರೆ ಸ್ಲಾಟ್‌ನ ಬಾಗಿಲನ್ನು ತೆರೆದೇ ಬಿಡಿ. ಕಾರ್ಡ್ ಮತ್ತೆ ಒಳಗೆ ಹೋಗುವವರೆಗೂ ಮುಚ್ಚಬೇಡಿ. ಕೇಬಲ್ ಹಾಕಿ ಕಾಪಿ ಮಾಡಿದರಂತೂ ಕಾರ್ಡ್ ತೆಗೆಯುವ ಪ್ರಶ್ನೆಯೇ ಇಲ್ಲ. ಬ್ಯಾಗ್‌ನಲ್ಲಿ ಒಂದು ಸ್ಪೇರ್ ಕಾರ್ಡ್ ಯಾವಾಗಲೂ ಇರಲಿ. ಅದನ್ನು ಮೊದಲೇ ಅದೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ, ಒಂದೆರಡು ಫೋಟೋ ತೆಗೆದು ನೋಡಿ ಇಟ್ಟುಕೊಳ್ಳಿ.