ವರ್ಷಗಟ್ಟಲೆ ನುಂಗಿದ ಗ್ಯಾಸ್ಟ್ರಿಕ್ ಮಾತ್ರೆ: ಬಿಡುವುದು ಹೇಗೆ?

ಅಮ್ಮನ ಮಾತ್ರೆ ಡಬ್ಬಿಯಲ್ಲಿ ಬಿ.ಪಿ. ಮಾತ್ರೆಯ ಪಕ್ಕದಲ್ಲೇ ಪ್ಯಾಂಟೊಪ್ರಜೋಲ್ 40 ಇರುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಒಂದು ನುಂಗಿ, ಅರ್ಧ ಗಂಟೆ ಬಿಟ್ಟು ಕಾಫಿ. 6 ವರ್ಷ ಹೀಗೇ ನಡೆದಿತ್ತು. ಹಳೆಯ ಚೀಟಿ ಹುಡುಕಿ ನೋಡಿದರೆ, ಮಂಡಿನೋವಿನ ಮಾತ್ರೆಯಿಂದ ಹೊಟ್ಟೆ ಕೆಡದಿರಲೆಂದು 15 ದಿನಕ್ಕೆ ಬರೆದುಕೊಟ್ಟದ್ದು! ನೋವಿನ ಮಾತ್ರೆ ಎಂದೋ ನಿಂತಿತ್ತು. ಇದನ್ನು ನಿಲ್ಲಿಸಿ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಆದ್ದರಿಂದ ಮೊದಲ ಕೆಲಸ ಚೀಟಿ ಹುಡುಕುವುದು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್ ಎಲ್ಲವೂ ಹೊಟ್ಟೆಯ ಆಮ್ಲ ತಗ್ಗಿಸುವ ಒಂದೇ ಕುಟುಂಬದವು. ಸಾಮಾನ್ಯ ಎದೆಯುರಿಗೆ 4ರಿಂದ 8 ವಾರ ಸಾಕು. ಏಕೆ ಶುರುವಾಯಿತೆಂದು ತಿಳಿದ ಮೇಲೆ ವೈದ್ಯರನ್ನು ಕಂಡು, ‘ಇದು ನನಗೆ ಇನ್ನೂ ಬೇಕೇ?’ ಎಂದು ನೇರವಾಗಿ ಕೇಳಿ. ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಮತ್ತು ಮೆಗ್ನೀಸಿಯಂ ಕುಗ್ಗಬಹುದು. ಸಸ್ಯಾಹಾರಿಗಳಿಗೆ ಬಿ12 ಮೊದಲೇ ಕಡಿಮೆ. ಅದನ್ನೂ ಪರೀಕ್ಷಿಸಬೇಕೇ ಎಂದು ವಿಚಾರಿಸಿ.

ಕೆಲವರು ಇದನ್ನು ತಾವಾಗಿಯೇ ಬಿಡಲೇಬಾರದು. ಹುಣ್ಣಿನಿಂದ ಹೊಟ್ಟೆಯಲ್ಲಿ ರಕ್ತಸ್ರಾವ ಆಗಿದ್ದವರು, ಅನ್ನನಾಳದಲ್ಲಿ ತೀವ್ರ ಗಾಯ ಅಥವಾ ಬ್ಯಾರೆಟ್ ಸಮಸ್ಯೆ (ಆಮ್ಲ ತಾಗಿ ತಾಗಿ ಅನ್ನನಾಳದ ಒಳಪದರ ಬದಲಾಗಿರುವುದು) ಇರುವವರು, ಹೃದಯಕ್ಕೆಂದು ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ, ಇಲ್ಲವೇ ದಿನವೂ ನೋವಿನ ಮಾತ್ರೆ ತೆಗೆದುಕೊಳ್ಳುವ ಹಿರಿಯರು. ಇವರಿಗೆ ಈ ಮಾತ್ರೆಯೇ ಕಾವಲು.

ಉಳಿದವರು ಮುಖ್ಯವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ಆಮ್ಲ ಕಡಿಮೆಯಾದಾಗ ದೇಹ ಸುಮ್ಮನಿರುವುದಿಲ್ಲ. ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಆಮ್ಲ ತಯಾರಿಗೆ ಒತ್ತಾಯಿಸುತ್ತಲೇ ಇರುತ್ತದೆ. ಮಾತ್ರೆ ನಿಂತೊಡನೆ ಆ ಒತ್ತಾಯವೆಲ್ಲ ಒಟ್ಟಿಗೆ ಫಲ ಕೊಟ್ಟು, ಮೊದಲಿಗಿಂತ ಹೆಚ್ಚು ಆಮ್ಲ ಸುರಿಯುತ್ತದೆ. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ ಹೊಟ್ಟೆಯ ತೊಂದರೆಯೇ ಇಲ್ಲದ ಆರೋಗ್ಯವಂತರಿಗೆ 8 ವಾರ ಈ ಮಾತ್ರೆ ಕೊಟ್ಟು ನಿಲ್ಲಿಸಿದಾಗ, ಶೇ 44 ಮಂದಿಗೆ ಎದೆಯುರಿ, ಹುಳಿತೇಗಿನಂಥ ತೊಂದರೆ ಕಾಣಿಸಿಕೊಂಡಿತು. ಅಂದರೆ ಆ ಉರಿ ಹಳೆಯ ಕಾಯಿಲೆ ಮರುಕಳಿಸಿದ್ದೇ ಆಗಬೇಕಿಲ್ಲ. ಮೊದಲ ಸಲ ಒಮ್ಮೆಲೇ ಮಾತ್ರೆ ಬಿಟ್ಟ ಮೂರನೆಯ ರಾತ್ರಿ ಅಮ್ಮ ಎದೆ ಹಿಡಿದುಕೊಂಡು ಹಾಸಿಗೆಯಲ್ಲೇ ಎದ್ದು ಕುಳಿತು, ‘ನೋಡಪ್ಪಾ, ಅದಿಲ್ಲದೆ ನನಗೆ ಆಗುವುದೇ ಇಲ್ಲ’ ಎಂದಿದ್ದರು. ಎಷ್ಟೋ ಜನ ಮತ್ತೆ ಮಾತ್ರೆಗೆ ಮರಳುವುದು ಇಂಥ ರಾತ್ರಿಗಳಲ್ಲೇ.

ಎರಡನೆಯ ಸಲ ನಿಧಾನವಾಗಿ ಇಳಿಸಿದೆವು. ವೈದ್ಯರು 40 ಮಿ.ಗ್ರಾಂ. ಬದಲು 20ರದ್ದನ್ನು ಎರಡು ವಾರಕ್ಕೆ ಬರೆದುಕೊಟ್ಟರು. ಆಮೇಲೆ ಎರಡು ವಾರ ದಿನ ಬಿಟ್ಟು ದಿನ. ಬಳಿಕ ನಿಲ್ಲಿಸಿದ್ದು. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಅಮ್ಮನೇ ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದರು. ಅಮೆರಿಕದ ಜಠರರೋಗ ತಜ್ಞರ ಸಂಘ 2022ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಒಮ್ಮೆಲೇ ನಿಲ್ಲಿಸಲೂಬಹುದು. ಆದರೆ ವಯಸ್ಸಾದವರಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದೇ ಸರಿ ಎಂದು ನನ್ನ ಅನಿಸಿಕೆ. 40ರ ಮಾತ್ರೆಯನ್ನು ಮುರಿದು ಅರ್ಧ ನುಂಗಬೇಡಿ. ಹೊಟ್ಟೆಯ ಆಮ್ಲದಲ್ಲಿ ಔಷಧ ಹಾಳಾಗದಿರಲೆಂದೇ ಅದಕ್ಕೆ ಹೊರಲೇಪ ಕೊಟ್ಟಿರುತ್ತಾರೆ.

ಉರಿ ಬಂದಾಗ ಆಂಟಾಸಿಡ್ ದ್ರಾವಣ ಎರಡು ಚಮಚ ಸಾಕಾಗಬಹುದು. ಅದಕ್ಕೂ ಬಗ್ಗದಿದ್ದರೆ ಕೆಲವು ದಿನ ಫೆಮೊಟಿಡಿನ್ (ಆಮ್ಲ ತಗ್ಗಿಸುವ ಬೇರೆ ಬಗೆಯ ಮಾತ್ರೆ) ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಬಿ.ಪಿ. ಇರುವವರಿಗೆ ನೀರಿನಲ್ಲಿ ಬುರುಗೇಳುವ ಸೋಡಾ ಪುಡಿ ಬೇಡ, ಅದರಲ್ಲಿ ಸೋಡಿಯಂ ಹೆಚ್ಚು.

ಈ ವಾರಗಳಲ್ಲಿ ಅತಿ ಹೆಚ್ಚು ನೆರವಾಗುವುದು ರಾತ್ರಿ ಊಟದ ಹೊತ್ತು. ಹತ್ತು ಗಂಟೆಗೆ ಸಾರನ್ನ ಉಂಡು ಹತ್ತೂವರೆಗೆ ಮಲಗುವ ಮನೆಗಳಲ್ಲಿ ಮಾತ್ರೆ ಬಿಡುವುದು ಕಷ್ಟ. ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರವಿರಲಿ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಡಿ. ಬರೀ ದಿಂಬು ಏರಿಸಿದರೆ ಹೊಟ್ಟೆ ಮಡಚಿಕೊಂಡು ಉರಿ ಹೆಚ್ಚಬಹುದು. ಎಡಮಗ್ಗುಲಲ್ಲಿ ಮಲಗಿ. ಬೀಡಿ, ಸಿಗರೇಟು, ಮದ್ಯ ಬೇಡ.

ಎರಡು ತಿಂಗಳಾದರೂ ಉರಿ ತಗ್ಗದಿದ್ದರೆ ಮತ್ತೆ ವೈದ್ಯರ ಬಳಿ ಹೋಗಿ. ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲ ಎಚ್. ಪೈಲೊರಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡಬೇಕಾಗಬಹುದು. ಕೆಲವರಿಗೆ ಕಡಿಮೆ ಪ್ರಮಾಣದ ಮಾತ್ರೆ ನಿಜಕ್ಕೂ ಬೇಕಾಗಿರುತ್ತದೆ. ಮಲ ಕಪ್ಪಗಾದರೆ, ರಕ್ತವಾಂತಿಯಾದರೆ, ನುಂಗುವಾಗ ಅನ್ನ ಸಿಕ್ಕಿಕೊಂಡರೆ, ತೂಕ ಇಳಿಯುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ಆ ಕ್ಷಣವೇ 108ಕ್ಕೆ ಕರೆ ಮಾಡಿ.