ನೆರೆರಾಷ್ಟ್ರಕ್ಕೆ ಸರಕು: ಸುಂಕ ರಿಯಾಯಿತಿ ಕೊಡಿಸುವ ಮೂಲ ಪ್ರಮಾಣಪತ್ರ ಪಡೆಯುವುದು ಹೇಗೆ?

ಸಾರ್ಕ್ ಶೃಂಗಸಭೆ ಕೊನೆಯದಾಗಿ ನಡೆದದ್ದು 2014ರಲ್ಲಿ, ಕಠ್ಮಂಡುವಿನಲ್ಲಿ. ಶೃಂಗಸಭೆ ನಿಂತ ಮೇಲೆ ಆ ಸಂಘಟನೆಯ ವ್ಯಾಪಾರ ಒಪ್ಪಂದವೂ ನಿಂತುಹೋಗಿದೆ ಎಂದು ನಮ್ಮ ಅನೇಕ ಸಣ್ಣ ರಫ್ತುದಾರರು ನಂಬಿದ್ದಾರೆ. ಅದು ಸರಿಯಲ್ಲ. 2004ರ ಜನವರಿಯಲ್ಲಿ ಇಸ್ಲಾಮಾಬಾದಿನಲ್ಲಿ ಸಹಿಯಾಗಿ 2006ರಲ್ಲಿ ಜಾರಿಗೆ ಬಂದ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದ, ಅಂದರೆ ಸಾಫ್ಟಾ, ಇಂದಿಗೂ ಜಾರಿಯಲ್ಲಿದೆ. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಸರಕು ಒಪ್ಪಂದ 2010ರಿಂದ ನಡೆಯುತ್ತಿದೆ. ಶ್ರೀಲಂಕಾದೊಂದಿಗಿನ ದ್ವಿಪಕ್ಷೀಯ ಒಪ್ಪಂದವಂತೂ 2000ನೇ ಇಸವಿಯಷ್ಟು ಹಳೆಯದು. ಇವುಗಳ ಲಾಭ ಕೈಗೆ ಬರುವುದು ಒಂದೇ ಕಾಗದದ ಮೂಲಕ: ಸರಕು ಭಾರತದಲ್ಲೇ ತಯಾರಾದದ್ದು ಎಂದು ಸಾರುವ ಮೂಲ ಪ್ರಮಾಣಪತ್ರ, ವ್ಯಾಪಾರಿಗಳ ಬಾಯಲ್ಲಿ ‘ಸಿಒಒ’. ಈ ಕಾಗದವನ್ನು ತಪ್ಪಾಗಿ ತುಂಬಿ, ಅಲ್ಲಿನ ಬಂದರಿನಲ್ಲಿ ಖರೀದಿದಾರನಿಂದ ಪೂರ್ತಿ ಸುಂಕ ಕಟ್ಟಿಸಿ, ಮುಂದಿನ ಆರ್ಡರ್ ಕಳೆದುಕೊಂಡವರನ್ನು ನಾನು ನೋಡುತ್ತಲೇ ಬಂದಿದ್ದೇನೆ.

ಮೊದಲು ಒಪ್ಪಂದ ಆರಿಸಿಕೊಳ್ಳಿ

ಐಇಸಿ (ಆಮದು-ರಫ್ತು ಸಂಕೇತ ಸಂಖ್ಯೆ) ನೋಂದಣಿ ಮತ್ತು ಡಿಜಿಟಲ್ ಸಹಿ ನಿಮ್ಮ ಬಳಿ ಇವೆ ಎಂದು ಭಾವಿಸಿ ಮುಂದುವರಿಯುತ್ತೇನೆ. ವಾಣಿಜ್ಯ ಮಂಡಳಿಗಳು ಕೊಡುವ ಸಾಮಾನ್ಯ ಮೂಲ ಪ್ರಮಾಣಪತ್ರಕ್ಕೂ ಸುಂಕ ರಿಯಾಯಿತಿಗೂ ಸಂಬಂಧವಿಲ್ಲ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ಅದು ಬೇಗ ಸಿಗುತ್ತದೆ ಎಂದು ಅದನ್ನೇ ಕಳಿಸಿಬಿಡುವವರಿದ್ದಾರೆ, ರಿಯಾಯಿತಿ ಸಿಗುವುದಿಲ್ಲ.

ಒಂದೇ ದೇಶಕ್ಕೆ ಹಲವು ಒಪ್ಪಂದಗಳ ದಾರಿ ಇರಬಹುದು. ಶ್ರೀಲಂಕಾಕ್ಕೆ ಸರಕು ಕಳಿಸುವವರಿಗೆ ಸಾಫ್ಟಾ, ದ್ವಿಪಕ್ಷೀಯ ಒಪ್ಪಂದ ಮತ್ತು 1975ರ ಬ್ಯಾಂಕಾಕ್ ಒಪ್ಪಂದದಿಂದ ಬೆಳೆದ ಏಷ್ಯಾ-ಪೆಸಿಫಿಕ್ ವ್ಯಾಪಾರ ಒಪ್ಪಂದ, ಹೀಗೆ ಮೂರು ದಾರಿಗಳಿವೆ. ಬಾಂಗ್ಲಾದೇಶಕ್ಕಾದರೆ ಸಾಫ್ಟಾ ಮತ್ತು ಏಷ್ಯಾ-ಪೆಸಿಫಿಕ್ ಒಪ್ಪಂದಗಳಿವೆ. ಬಿಮ್‌ಸ್ಟೆಕ್ ಎಂಬ ಬಂಗಾಳ ಕೊಲ್ಲಿ ಸುತ್ತಲಿನ ದೇಶಗಳ ಕೂಟದ ಹೆಸರು ಪತ್ರಿಕೆಗಳಲ್ಲಿ ಆಗಾಗ ಕಾಣಿಸುತ್ತದೆ, ಅದರ ಕಾರ್ಯಾಲಯ ಢಾಕಾದಲ್ಲಿದೆ. ಆದರೆ 2004ರಲ್ಲಿ ಚೌಕಟ್ಟಿಗೆ ಸಹಿ ಬಿದ್ದರೂ ಅದರ ಮುಕ್ತ ವ್ಯಾಪಾರ ಒಪ್ಪಂದ ಇನ್ನೂ ಪೂರ್ಣಗೊಂಡಿಲ್ಲವಾದ್ದರಿಂದ ಆ ಹೆಸರಿನಲ್ಲಿ ರಿಯಾಯಿತಿ ಪ್ರಮಾಣಪತ್ರ ಕೊಡಿಸುತ್ತೇನೆ ಎನ್ನುವ ಏಜೆಂಟರನ್ನು ನಂಬಬೇಡಿ.

ನಿಮ್ಮ ಸರಕು ಆ ದೇಶದ ‘ಸೂಕ್ಷ್ಮ ಪಟ್ಟಿ’ಯಲ್ಲಿ, ಅಂದರೆ ರಿಯಾಯಿತಿಯಿಂದ ಹೊರಗಿಟ್ಟ ಸರಕುಗಳ ಪಟ್ಟಿಯಲ್ಲಿ, ಇದೆಯೇ ಎಂದು ನೋಡಿ. ಇದ್ದರೆ ಆ ಒಪ್ಪಂದದ ದಾರಿ ಮುಚ್ಚಿದಂತೆ. ಬೇರೆ ಒಪ್ಪಂದ ಹುಡುಕಬೇಕು. ಈ ಪಟ್ಟಿಗಳು ಪ್ರತಿ ದೇಶಕ್ಕೂ ಬೇರೆ, ಕಾಲಕಾಲಕ್ಕೆ ಬದಲಾಗುತ್ತವೆ. 2011ರಲ್ಲಿ ಭಾರತ ತನ್ನ ಅತಿ ಹಿಂದುಳಿದ ನೆರೆರಾಷ್ಟ್ರಗಳಿಗೆ ಅನ್ವಯಿಸುವ ಪಟ್ಟಿಯನ್ನು 480 ಸರಕುಗಳಿಂದ 25ಕ್ಕೆ ಇಳಿಸಿದ್ದನ್ನು ನೆನೆದರೆ, ಹಳೆಯ ಪ್ರತಿ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದು ತಿಳಿಯುತ್ತದೆ.

ಎಚ್‌ಎಸ್ ಕೋಡ್

ಇದು ಕಸ್ಟಮ್ಸ್ ಸರಕನ್ನು ಗುರುತಿಸುವ ವರ್ಗೀಕರಣ ಸಂಖ್ಯೆ. ಇದರ ಮೊದಲ ಆರು ಅಂಕಿಗಳು ಜಗತ್ತಿನಾದ್ಯಂತ ಒಂದೇ. ಅದರ ನಂತರದವು ಆಯಾ ದೇಶದ್ದು. ಆ ಆರು ಅಂಕಿಗಳನ್ನು ಖರೀದಿದಾರನಿಂದ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ. ಸರಕು ಸಾಗಿಸಿಕೊಡುವ ಫಾರ್ವರ್ಡರ್ ಕೈಗೆ ಈ ಕೆಲಸ ಬಿಡಬೇಡಿ. ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್ (ರಫ್ತಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ), ಪ್ರಮಾಣಪತ್ರ ಮೂರರಲ್ಲೂ ಅದೇ ಕೋಡ್ ಇರಬೇಕು.

ಎಲ್ಲರೂ ಎಡವುವ ಜಾಗ: ಮೂಲದ ಲೆಕ್ಕ

ಸರಕನ್ನು ಭಾರತದಲ್ಲಿ ಕೊಂಡಿದ್ದೇವೆ, ಭಾರತದಲ್ಲೇ ಸಂಸ್ಕರಿಸಿದ್ದೇವೆ, ಆದ್ದರಿಂದ ಅದು ಭಾರತದ್ದೇ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ. ಪೂರ್ತಿ ಇಲ್ಲೇ ಬೆಳೆದ ಬ್ಯಾಡಗಿ ಮೆಣಸಿನಕಾಯಿಯಂಥ ಸರಕಿಗೆ ಲೆಕ್ಕದ ಅಗತ್ಯವೇ ಇಲ್ಲ. ಅದು ‘ಸಂಪೂರ್ಣ ಇಲ್ಲಿಯದು’. ಹೊರಗಿನ ಕಚ್ಚಾವಸ್ತು ಸೇರಿದ ಕ್ಷಣದಿಂದ ಎರಡು ಪರೀಕ್ಷೆಗಳು ಎದುರಾಗುತ್ತವೆ.

ಮೊದಲನೆಯದು ಕೋಡ್ ಬದಲಾವಣೆ. ಸಾಫ್ಟಾದ ಸಾಮಾನ್ಯ ನಿಯಮದಂತೆ, ಹೊರಗಿನಿಂದ ಬಂದ ಕಚ್ಚಾವಸ್ತುವಿನ ಕೋಡಿಗೂ ಸಿದ್ಧ ಸರಕಿನ ಕೋಡಿಗೂ ನಾಲ್ಕು ಅಂಕಿಯ ಮಟ್ಟದಲ್ಲಿ ವ್ಯತ್ಯಾಸವಿರಬೇಕು. ವಿಯೆಟ್ನಾಮಿನ ಕಾಳುಮೆಣಸು ತರಿಸಿ ಪುಡಿ ಮಾಡಿ ಕಳಿಸುವವರು ಇಲ್ಲೇ ಸೋಲುತ್ತಾರೆ, ಏಕೆಂದರೆ ಕಾಳೂ ಪುಡಿಯೂ 0904ರಲ್ಲೇ ಇವೆ. ಕರಾವಳಿಯ ಗೇರುಬೀಜ ಕಾರ್ಖಾನೆಗಳ ಕಷ್ಟವೂ ಇದೇ. ಆಫ್ರಿಕಾದಿಂದ ತರಿಸಿದ ಕಚ್ಚಾ ಬೀಜ 0801.31, ಒಡೆದು ತೆಗೆದ ತಿರುಳು 0801.32. ಕಾರ್ಖಾನೆಯಲ್ಲಿ ಬೇಯಿಸಿ, ಒಡೆದು, ಒಣಗಿಸಿ, ಸಿಪ್ಪೆ ತೆಗೆದು, ದರ್ಜೆ ಮಾಡಿ ಅಷ್ಟೆಲ್ಲ ದುಡಿದರೂ ನಾಲ್ಕು ಅಂಕಿ ಬದಲಾಗುವುದಿಲ್ಲ. ಆಸಿಯಾನ್ ಒಪ್ಪಂದದಲ್ಲಿ ಆರು ಅಂಕಿಯ ಬದಲಾವಣೆ ಸಾಕಾದ್ದರಿಂದ, ಅದೇ ತಿರುಳು ಮಲೇಷ್ಯಾಕ್ಕೆ ಹೋಗುವಾಗ ಈ ಮೊದಲ ಪರೀಕ್ಷೆ ದಾಟುತ್ತದೆ. ತಿರುಳನ್ನು ಹುರಿದರೆ ಅದು 2008ಕ್ಕೆ ಸೇರುತ್ತದೆ, ಆಗ ಸಾಫ್ಟಾದಲ್ಲೂ ಕೋಡ್ ಬದಲಾದಂತಾಯಿತು. ಕೆಲವು ಸರಕುಗಳಿಗೆ ಪ್ರತ್ಯೇಕ ನಿಯಮಗಳಿರುವುದರಿಂದ ಆ ಪಟ್ಟಿಯನ್ನೂ ನೋಡಿಯೇ ಮುಂದುವರಿಯಿರಿ.

ಎರಡನೆಯದು ಮೌಲ್ಯವರ್ಧನೆ. ಭಾರತೀಯ ರಫ್ತುದಾರನಿಗೆ ಎಫ್‌ಒಬಿ ಬೆಲೆಯ ಮೇಲೆ, ಅಂದರೆ ಇಲ್ಲಿನ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಬೆಲೆಯ ಮೇಲೆ, ಸಾಫ್ಟಾದಲ್ಲಿ ಕನಿಷ್ಠ ಶೇ 40, ಶ್ರೀಲಂಕಾ ಒಪ್ಪಂದ ಮತ್ತು ಆಸಿಯಾನ್ ಒಪ್ಪಂದಗಳಲ್ಲಿ ಶೇ 35, ಏಷ್ಯಾ-ಪೆಸಿಫಿಕ್ ಒಪ್ಪಂದದಲ್ಲಿ ಶೇ 45. ಹುರಿದ ಗೋಡಂಬಿಯ ಎಫ್‌ಒಬಿ ಬೆಲೆ 100 ರೂಪಾಯಿ, ಅದರಲ್ಲಿ ಬಳಸಿದ ಆಮದು ಬೀಜದ ಬೆಲೆ ಹಡಗು ಬಾಡಿಗೆ ಮತ್ತು ವಿಮೆ ಸೇರಿ 62 ರೂಪಾಯಿ ಎಂದುಕೊಳ್ಳಿ. ಮೌಲ್ಯವರ್ಧನೆ ಶೇ 38. ಕೊಲಂಬೊದ ಖರೀದಿದಾರನಿಗೆ ಸಾಫ್ಟಾ ಅರ್ಜಿ ಹಾಕಿದರೆ ಈ ಸರಕು ಅನರ್ಹ. ಅದೇ ಸರಕು ದ್ವಿಪಕ್ಷೀಯ ಒಪ್ಪಂದದ ಮೂಲ ನಿಯಮದಡಿ ಅರ್ಹ. ಒಪ್ಪಂದವನ್ನು ಮೊದಲೇ ಆರಿಸಿ ಎಂದದ್ದು ಇದಕ್ಕೇ.

ತಪ್ಪಾಗುವುದು ಎರಡು ಕಡೆ. ಅಲ್ಲಿಯವರೆಗಿನ ಬಾಡಿಗೆ, ವಿಮೆ ಸೇರಿದ 108 ರೂಪಾಯಿಯ ಸಿಐಎಫ್ ಇನ್‌ವಾಯ್ಸ್ ಮೇಲೆ ಲೆಕ್ಕ ಹಾಕಿದರೆ ಶೇ 42.6 ಬರುತ್ತದೆ, ಸಾಫ್ಟಾ ಪಾಸಾದಂತೆ ಕಾಣುತ್ತದೆ. ಆಮದು ಬೀಜಕ್ಕೆ ಹಡಗು ಬಾಡಿಗೆ ಬಿಟ್ಟು 58 ರೂಪಾಯಿ ಎಂದು ಹಿಡಿದರೂ ಶೇ 42 ಆಗಿಬಿಡುತ್ತದೆ. ಎರಡೂ ತಪ್ಪು: ಮಾರುವ ಬೆಲೆ ಎಫ್‌ಒಬಿ, ಹೊರಗಿನ ಕಚ್ಚಾವಸ್ತು ಸಿಐಎಫ್. ಮಂಗಳೂರಿನ ವ್ಯಾಪಾರಿಯಿಂದ ಕೊಂಡ ಬೀಜದ ಮೂಲ ತಿಳಿಯದಿದ್ದರೆ ಅದನ್ನೂ ಹೊರಗಿನದೆಂದೇ ಲೆಕ್ಕ ಹಿಡಿಯಬೇಕು, ಕೊಂಡ ಬೆಲೆಯಲ್ಲೇ. ಊರಿನ ಬೀಜವನ್ನೂ ಆಮದು ಬೀಜವನ್ನೂ ಒಂದೇ ಗೋದಾಮಿನಲ್ಲಿ ಬೆರೆಸುವವರು ಊರಿನ ಬೀಜದ ಲಾಭವನ್ನೂ ಕಳೆದುಕೊಳ್ಳುತ್ತಾರೆ. ದಾಸ್ತಾನು ಪುಸ್ತಕ ಬೇರೆಬೇರೆ ಇರಲಿ.

ಸ್ವಲ್ಪದರಲ್ಲಿ ಸೋಲುವವರಿಗೆ ಪ್ರಾದೇಶಿಕ ಸಂಘಟನೆ ಒಂದು ದಾರಿ ಇಟ್ಟಿದೆ. ಕಚ್ಚಾವಸ್ತು ಇನ್ನೊಂದು ಸದಸ್ಯ ದೇಶದ್ದಾಗಿದ್ದರೆ ಸಾಫ್ಟಾದಲ್ಲಿ ಅದನ್ನೂ ಕೂಡಿಸಿಕೊಳ್ಳಬಹುದು: ಒಟ್ಟು ಸದಸ್ಯ ದೇಶಗಳ ಪಾಲು ಶೇ 50, ಕೊನೆಯ ರಫ್ತು ದೇಶದ ಪಾಲು ಶೇ 20 ಇದ್ದರೆ ಸಾಕು. ನೆರೆಯವರಿಂದ ಕೊಂಡು ನೆರೆಯವರಿಗೆ ಮಾರುವುದನ್ನು ಉತ್ತೇಜಿಸುವ ನಿಯಮವಿದು. ಇದನ್ನು ಬಳಸುವವರು ವಿರಳ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಕಟ್ಟು ಬಿಡಿಸಿದ, ಚೀಲ ಬದಲಿಸಿದ, ಜರಡಿ ಹಿಡಿದ ಮಾತ್ರಕ್ಕೆ ಸರಕಿನ ಮೂಲ ಬದಲಾಗದು. ಮಾರುಕಟ್ಟೆಯಲ್ಲಿ ಸಿಗುವ ‘ರೆಡಿಮೇಡ್’ ವೆಚ್ಚಪಟ್ಟಿಯ ಎಕ್ಸೆಲ್ ಫೈಲುಗಳನ್ನು ಮುಟ್ಟಬೇಡಿ. ಶೇಕಡಾವಾರು ಅಂಕಿಯನ್ನು ಮೊದಲೇ ತುಂಬಿಟ್ಟು ಉಳಿದದ್ದನ್ನು ಅದಕ್ಕೆ ಹೊಂದಿಸುವಂಥವೂ ಅವುಗಳಲ್ಲಿವೆ. ಪ್ರತಿ ರವಾನೆಗೂ ನಿಮ್ಮದೇ ಪಟ್ಟಿ ಮಾಡಿ, ಏಕೆಂದರೆ ಡಾಲರ್ ದರ ಮತ್ತು ಬೀಜದ ಬೆಲೆ ಏರಿಳಿದಂತೆ ಶೇ 41 ಇದ್ದದ್ದು ಶೇ 39 ಆಗುತ್ತದೆ.

ಅರ್ಜಿ ಮತ್ತು ಸಾಗಣೆ

ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಇ-ಸಿಒಒ ಪೋರ್ಟಲಿನಲ್ಲಿ ಒಪ್ಪಂದವನ್ನೂ ಪ್ರಮಾಣಪತ್ರ ಕೊಡುವ ಸಂಸ್ಥೆಯನ್ನೂ ಆರಿಸಿ, ಇನ್‌ವಾಯ್ಸ್ ಮತ್ತು ವೆಚ್ಚಪಟ್ಟಿ ಸೇರಿಸಿ, ಶುಲ್ಕ ಕಟ್ಟಿ ಸಲ್ಲಿಸಿ. ಸರಕು ಹೊರಡುವ ಮುಂಚೆಯೇ ಅರ್ಜಿ ಹಾಕಬೇಕೆಂಬುದು ನನ್ನ ಖಡಾಖಂಡಿತ ಸಲಹೆ. ಆಸಿಯಾನ್ ಒಪ್ಪಂದದಲ್ಲಿ ರವಾನೆಯ ನಂತರವೂ ಪಡೆಯಲು ಅವಕಾಶವಿದೆಯಾದರೂ, ಅಷ್ಟರಲ್ಲಿ ಖರೀದಿದಾರ ಬಂದರಿನಲ್ಲಿ ಸುಂಕ ಕಟ್ಟಿರುತ್ತಾನೆ, ಮರುಪಾವತಿಗೆ ಅಲೆಯುತ್ತಾನೆ.

ಸರಕು ನೇರವಾಗಿ ಹೋಗಬೇಕು. ಮೂರನೆಯ ದೇಶದ ಬಂದರಿನಲ್ಲಿ ಹಡಗು ಬದಲಿಸಿದರೆ ತೊಂದರೆಯಿಲ್ಲ, ಆದರೆ ಅಲ್ಲಿ ಅದು ಮಾರುಕಟ್ಟೆಗೆ ಇಳಿಯಬಾರದು. ಮೊದಲ ಬಂದರಿನಿಂದ ಕೊನೆಯ ಬಂದರಿನವರೆಗಿನ ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸಾಗಣೆ ಪತ್ರ) ಒಂದೇ ಇರುವಂತೆ ನೋಡಿಕೊಳ್ಳಿ.

ಪ್ರಮಾಣಪತ್ರ ಕೈಸೇರಿದ ಮೇಲೂ ಆಮದು ದೇಶದ ಕಸ್ಟಮ್ಸ್ ಸಂದೇಹ ಬಂದರೆ ಪರಿಶೀಲನೆ ಕೋರಬಹುದು, ಆಗ ನಿಮ್ಮ ಪತ್ರ ಕೊಟ್ಟ ಸಂಸ್ಥೆ ನಿಮ್ಮನ್ನೇ ಕೇಳುತ್ತದೆ. ನಮ್ಮ ಆಮದುದಾರರಿಗೆ 2020ರ ಸೆಪ್ಟೆಂಬರ್ 21ರಿಂದ ಜಾರಿಯಾದ ನಿಯಮ ಐದು ವರ್ಷ ದಾಖಲೆ ಇಡಬೇಕೆನ್ನುತ್ತದೆ. ರಫ್ತುದಾರರೂ ಅಷ್ಟೇ ಕಾಲ ವೆಚ್ಚಪಟ್ಟಿ, ಬೀಜ ಕೊಂಡ ಬಿಲ್ಲು, ಬಿಲ್ ಆಫ್ ಎಂಟ್ರಿ (ಆಮದಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸಿದ ದಾಖಲೆ), ದಾಸ್ತಾನು ಪುಸ್ತಕಗಳನ್ನು ಪ್ರಮಾಣಪತ್ರದ ಸಂಖ್ಯೆ ಬರೆದ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ.