ಕೆರೀಬಿಯನ್ ಕ್ರೂಸ್: ಮೊದಲು ವೀಸಾ, ಆಮೇಲೆ ದ್ವೀಪ, ಕೊನೆಗೆ ಹಡಗು

ಕ್ರೂಸ್ ಬುಕ್ ಮಾಡಲು ಕೂತವರು ಸಾಮಾನ್ಯವಾಗಿ ಹಡಗಿನ ಫೋಟೊಗಳಿಂದ ಶುರು ಮಾಡುತ್ತಾರೆ. ಎಷ್ಟು ಈಜುಕೊಳ, ಎಷ್ಟು ರೆಸ್ಟೊರೆಂಟ್ ಎಂದೆಲ್ಲ ಹೋಲಿಸಿ ದುಡ್ಡು ಕಟ್ಟಿದ ಮೇಲೆ, ಯಾವ ದ್ವೀಪದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತಾರೆ. ವೀಸಾ ನೆನಪಾಗುವುದು ಇನ್ನೂ ತಡವಾಗಿ. ದ್ವೀಪಗಳನ್ನು ನೋಡುವ ಆಸೆಯಿಂದ ಹೊರಡುವವರು ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗಂತೂ ಬೇರೆ ದಾರಿಯಿಲ್ಲ.

1. ವೀಸಾ ಸರಿಯಿದೆಯೇ?

ಕೆರೀಬಿಯನ್ ಹಡಗುಗಳಲ್ಲಿ ಬಹುಪಾಲು ಹೊರಡುವುದು ಫ್ಲಾರಿಡಾದ ಮಯಾಮಿ, ಫೋರ್ಟ್ ಲಾಡರ್‌ಡೇಲ್, ಪೋರ್ಟ್ ಕೆನವೆರಲ್, ಟ್ಯಾಂಪಾ, ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಅಥವಾ ಪೋರ್ಟೊರಿಕೊದ ಸ್ಯಾನ್ ಹುವಾನ್‌ನಿಂದ. ಇವೆಲ್ಲ ಅಮೆರಿಕದ ನೆಲ. ಹಡಗು ಹತ್ತಿ ಹೊರಟರೆ ದೇಶ ಬಿಟ್ಟ ಲೆಕ್ಕ, ವಾಪಸು ಇಳಿದರೆ ಹೊಸದಾಗಿ ಒಳಬಂದ ಲೆಕ್ಕ. ಆದ್ದರಿಂದ ಇಳಿಯುವ ದಿನದವರೆಗೂ ಜೀವಂತವಾಗಿರುವ, ಹಲವು ಬಾರಿ ಪ್ರವೇಶಕ್ಕೆ ಅವಕಾಶವಿರುವ ವೀಸಾ ಬೇಕು. ಪಾಸ್‌ಪೋರ್ಟ್‌ನ ಅವಧಿ ಪ್ರಯಾಣ ಮುಗಿದ ಮೇಲೂ ಆರು ತಿಂಗಳು ಇದ್ದರೆ ಯಾವ ದ್ವೀಪದಲ್ಲೂ ತಕರಾರಿಲ್ಲ.

ಅಮೆರಿಕದಲ್ಲಿ ಕೆಲಸ ಮಾಡುತ್ತಿರುವ ಕನ್ನಡಿಗರು ಎಡವುವುದು ಇಲ್ಲೇ. ಎಚ್-1ಬಿ ಉದ್ಯೋಗ ಅನುಮತಿ ಚಾಲ್ತಿಯಲ್ಲಿರುತ್ತದೆ, ಆದರೆ ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿರುತ್ತದೆ. ಮೆಕ್ಸಿಕೊಗೆ ಹೋಗಿ ಬಂದ ಗೆಳೆಯರು "ಏನೂ ತೊಂದರೆಯಾಗಲಿಲ್ಲ" ಅಂದಿರುತ್ತಾರೆ. ಅವರು ಹೇಳಿದ್ದು ನಿಜವೇ. ಮುಗಿದ ಮುದ್ರೆಯ ಮೇಲೂ 30 ದಿನದೊಳಗೆ ಮರಳಲು ಬಿಡುವ ನಿಯಮವೊಂದಿದೆ. ಆದರೆ ಎಚ್-1ಬಿ ಮತ್ತು ಅವರ ಸಂಗಾತಿ, ಮಕ್ಕಳಿಗೆ ಕೊಡುವ ಎಚ್-4 ಇರುವವರಿಗೆ ಅದು ಕೆನಡಾ, ಮೆಕ್ಸಿಕೊಗಳಿಗೆ ಮಾತ್ರ. ಎಫ್-1 (ವಿದ್ಯಾರ್ಥಿ), ಜೆ-1 (ವಿನಿಮಯ ಕಾರ್ಯಕ್ರಮ) ಇರುವವರಿಗೆ ಕ್ಯೂಬಾ ಬಿಟ್ಟು ಅಕ್ಕಪಕ್ಕದ ದ್ವೀಪಗಳೂ ಸೇರುತ್ತವೆ. ಅಂದರೆ ಮುದ್ರೆ ಮುಗಿದ ಎಂಜಿನಿಯರ್ ಮೆಕ್ಸಿಕೊದ ಕೊಜುಮೆಲ್‌ಗೆ ಮಾತ್ರ ಹೋಗುವ ಹಡಗು ಹತ್ತಬಹುದು. ಅದೇ ಹಡಗು ದಾರಿಯಲ್ಲಿ ಗ್ರ್ಯಾಂಡ್ ಕೇಮನ್‌ನಲ್ಲೂ ನಿಂತರೆ ಈ ರಿಯಾಯಿತಿ ಸಿಗುವುದಿಲ್ಲ. ಏಳು ರಾತ್ರಿಯ ಪಯಣಗಳಲ್ಲಿ ಒಂದೇ ದೇಶಕ್ಕೆ ಹೋಗುವಂಥದ್ದು ಅಪರೂಪ. ಗ್ರೀನ್ ಕಾರ್ಡ್ ಅರ್ಜಿ ಹಾಕಿ ಕಾಯುತ್ತಿರುವವರು ವಕೀಲರನ್ನು ಕೇಳದೆ ಹೊರಡಬಾರದು.

ಊರಿನಿಂದ ಬಂದ ಅಪ್ಪ-ಅಮ್ಮನನ್ನು ಕರೆದೊಯ್ಯುವವರಿಗೂ ಒಂದು ಮಾತು. ಹಡಗಿನಲ್ಲಿ ಹೋಗಿ ಬಂದರೆ ಅವರಿಗೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂದು ಎಣಿಸಬೇಡಿ. ಮರಳಿದ ಮೇಲೆ ಎಲ್ಲಿಯವರೆಗೆ ಇರಬಹುದೆಂದು ತೋರಿಸುವ ಐ-94 ದಾಖಲೆಯನ್ನು ಆನ್‌ಲೈನ್‌ನಲ್ಲಿ ತೆರೆದು, ಅಲ್ಲಿರುವ ತಾರೀಖನ್ನೇ ನಂಬಿ.

ಇನ್ನು ದ್ವೀಪಗಳ ವೀಸಾ. ಜಮೈಕಾ, ಬಾರ್ಬಡೋಸ್, ಡೊಮಿನಿಕಾ, ಸೇಂಟ್ ಕಿಟ್ಸ್‌ಗಳಿಗೆ ಭಾರತೀಯ ಪ್ರವಾಸಿಗರು ವೀಸಾ ಇಲ್ಲದೆ ಹೋಗಬಹುದು. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದವರನ್ನು ಮೆಕ್ಸಿಕೊ ಬೇರೆ ವೀಸಾ ಕೇಳುವುದಿಲ್ಲ. ಮಾರ್ಟಿನಿಕ್ ಮತ್ತು ಗ್ವಾಡೆಲೂಪ್ ಫ್ರಾನ್ಸಿನ ಭಾಗವಾದರೂ ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ವಲಯಕ್ಕೆ ಸೇರಿಲ್ಲ, ಹಾಗಾಗಿ ಅವು ಪಟ್ಟಿಯಲ್ಲಿದ್ದರೆ ಹೆಚ್ಚು ಎಚ್ಚರ ಬೇಕು. ದುಡ್ಡು ಕಟ್ಟುವ ಮೊದಲು ಕ್ರೂಸ್ ಕಂಪನಿಗೆ ನಿಮ್ಮ ಪಾಸ್‌ಪೋರ್ಟ್, ವೀಸಾದ ಬಗೆ ಮತ್ತು ಬಂದರುಗಳ ಪಟ್ಟಿ ಬರೆದು, ಉತ್ತರವನ್ನು ಇ-ಮೇಲ್‌ನಲ್ಲೇ ಪಡೆಯಿರಿ. ದಾಖಲೆ ಸಾಲದೆ ಬಂದರಿನಿಂದ ವಾಪಸು ಕಳಿಸಿದರೆ ಹಣ ಮರಳುವುದಿಲ್ಲ.

2. ಯಾವ ದಿಕ್ಕು, ಯಾವ ತಿಂಗಳು?

ಕೆರೀಬಿಯನ್ ಪಯಣಗಳಲ್ಲಿ ಮೂರು ದಿಕ್ಕುಗಳಿವೆ. ಪಶ್ಚಿಮಕ್ಕೆ ಹೋದರೆ ಕೊಜುಮೆಲ್, ಗ್ರ್ಯಾಂಡ್ ಕೇಮನ್, ಜಮೈಕಾ, ಹೊಂಡುರಾಸ್‌ನ ರೊವಟಾನ್. ಇಲ್ಲಿ ಹವಳದ ದಂಡೆಗಳು, ಮಾಯಾ ಜನರ ಅವಶೇಷಗಳು. ಪೂರ್ವಕ್ಕೆ ಬಹಾಮಸ್, ಸೇಂಟ್ ಥಾಮಸ್, ಸೇಂಟ್ ಮಾರ್ಟನ್, ಸ್ಯಾನ್ ಹುವಾನ್. ಇಲ್ಲಿ ಕಡಲತೀರ ಮತ್ತು ಹಳೆಯ ಕೋಟೆಗಳು. ದಕ್ಷಿಣಕ್ಕೆ ಆಂಟಿಗುವಾ, ಸೇಂಟ್ ಲೂಸಿಯಾ, ಬಾರ್ಬಡೋಸ್, ಇನ್ನೂ ಕೆಳಗೆ ಅರುಬಾ, ಕ್ಯುರಸಾವ್.

ಫ್ಲಾರಿಡಾದಿಂದ ಹೊರಡುವ ಏಳು ರಾತ್ರಿಯ ಪಯಣದಲ್ಲಿ ಎರಡು ಮೂರು ದಿನ ಬರೀ ಸಮುದ್ರ, ನೆಲ ಸಿಗುವುದು ಮೂರೋ ನಾಲ್ಕೋ ದಿನ. ಅದರಲ್ಲೂ ಒಂದು ದಿನ ಕಂಪನಿಯ ಸ್ವಂತ ದ್ವೀಪವಾಗಿರಬಹುದು. ಅಲ್ಲಿ ಬೀಚು ಚೆನ್ನಾಗಿರುತ್ತದೆ, ಊರು ಇರುವುದಿಲ್ಲ. ಸ್ಯಾನ್ ಹುವಾನ್‌ನಿಂದ ಹೊರಟರೆ ದ್ವೀಪದಿಂದ ದ್ವೀಪಕ್ಕೆ ಒಂದು ರಾತ್ರಿಯ ದಾರಿ. ಅದೇ ಏಳು ರಾತ್ರಿಯಲ್ಲಿ ಐದು ದ್ವೀಪ ನೋಡಬಹುದು. ಅಮೆರಿಕದ ಇತರ ಊರುಗಳಿಂದ ಅಲ್ಲಿಗೆ ದೇಶದೊಳಗಿನ ವಿಮಾನವೇ ಸಾಕು. ವಿಮಾನದ ಖರ್ಚು ಸ್ವಲ್ಪ ಹೆಚ್ಚಾದರೂ, ದ್ವೀಪ ನೋಡುವುದೇ ಉದ್ದೇಶವಾಗಿದ್ದರೆ ನಮ್ಮ ಮತ ಸ್ಯಾನ್ ಹುವಾನ್‌ಗೇ.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ ಅದರ ತೀವ್ರತೆ ಹೆಚ್ಚು, ಹಾಗಾಗಿಯೇ ಆಗ ದರ ಇಳಿಯುತ್ತದೆ. ಹಡಗು ಬಿರುಗಾಳಿಗೆ ಸಿಕ್ಕಿಬೀಳುವುದು ಕಡಿಮೆ, ದಾರಿ ಬದಲಿಸಿ ತಪ್ಪಿಸಿಕೊಳ್ಳುತ್ತದೆ. ಆದರೆ ನೀವು ಕನಸು ಕಂಡ ಸೇಂಟ್ ಮಾರ್ಟನ್ ಬದಲು ಕೊಜುಮೆಲ್ ಬರಬಹುದು. ಟಿಕೆಟ್ ಒಪ್ಪಂದ ಅದಕ್ಕೆ ಅವಕಾಶ ಕೊಟ್ಟಿದೆ; ಬಂದರು ಬಿಟ್ಟುಹೋದರೆ ಅದರ ತೆರಿಗೆ, ಶುಲ್ಕವಷ್ಟೇ ಮರಳಿ ಸಿಗುವುದು. ಡಿಸೆಂಬರ್‌ನ ಮೊದಲೆರಡು ವಾರ ಮತ್ತು ಜನವರಿಯ ಕೊನೆ ಒಳ್ಳೆಯ ಸಮಯ: ಒಣ ಹವೆ, ರಜೆಯ ನೂಕುನುಗ್ಗಲು ಇಲ್ಲ. ಮಾರ್ಚ್‌ನಲ್ಲಿ ಅಮೆರಿಕದ ಕಾಲೇಜು ರಜೆ. ವಸಂತದಿಂದ ಬೇಸಿಗೆಯವರೆಗೆ ಸರ್ಗಾಸಮ್ ಎಂಬ ಕಂದು ಪಾಚಿ ತೀರಕ್ಕೆ ರಾಶಿ ಬಂದು ಕೊಳೆತು ನಾರುತ್ತದೆ. ಅದು ಬೀಳುವುದು ಹೆಚ್ಚಾಗಿ ಗಾಳಿಗೆ ಎದುರಾದ ಪೂರ್ವದ ದಡಗಳಿಗೆ, ಹಾಗಾಗಿ ಆ ತಿಂಗಳುಗಳಲ್ಲಿ ದ್ವೀಪದ ಪಶ್ಚಿಮ ದಡದ ಬೀಚ್ ಆರಿಸಿಕೊಳ್ಳಿ.

3. ಕ್ಯಾಬಿನ್ ಮತ್ತು ನಿಜವಾದ ಖರ್ಚು

ಹೊಟ್ಟೆ ತೊಳಸುವ ಭಯವಿದ್ದರೆ ಹಡಗಿನ ಉದ್ದದ ನಡುಭಾಗದಲ್ಲಿ, ಕೆಳಗಿನ ಮಹಡಿಯಲ್ಲಿ ಕ್ಯಾಬಿನ್ ಹಿಡಿಯಿರಿ. ತುಯ್ದಾಟ ಕಡಿಮೆ ಇರುವುದು ಅಲ್ಲೇ. ಈಜುಕೊಳದ ಮಹಡಿಯ ನೇರ ಕೆಳಗೆ ಬೇಡ, ಬೆಳಗಿನ ಜಾವವೇ ಕುರ್ಚಿ ಎಳೆದಾಡುವ ಸದ್ದು ಕೇಳುತ್ತದೆ. ಕಡಿಮೆ ದರದ 'ಗ್ಯಾರಂಟಿ' ಕ್ಯಾಬಿನ್ ಅಂದರೆ ಜಾಗ ಆರಿಸುವ ಹಕ್ಕು ಕಂಪನಿಯದು.

ಜಾಹೀರಾತಿನ ದರದ ಮೇಲೆ ಬಂದರು ತೆರಿಗೆ ಇದೆ. ಸಿಬ್ಬಂದಿಯ ಟಿಪ್ಸ್ ಎಂದು ದೊಡ್ಡ ಕಂಪನಿಗಳಲ್ಲಿ ದಿನಕ್ಕೆ ತಲೆಗೆ ಸುಮಾರು 16ರಿಂದ 20 ಡಾಲರ್ ತಾನಾಗಿಯೇ ಬಿಲ್ಲಿಗೆ ಸೇರುತ್ತದೆ, ಮಕ್ಕಳಿಗೂ. ನಾಲ್ಕು ಜನರ ಕುಟುಂಬಕ್ಕೆ ಏಳು ರಾತ್ರಿಗೆ ಇದೊಂದೇ 450 ಡಾಲರ್ ಮೀರಬಹುದು. ವೈ-ಫೈ, ತಂಪು ಪಾನೀಯ, ದ್ವೀಪದ ಸುತ್ತಾಟ ಇವೆಲ್ಲ ಪ್ರತ್ಯೇಕ. ಹಡಗಿನ ವೈದ್ಯರ ಬಿಲ್ಲನ್ನು ಅಮೆರಿಕದ ಎಷ್ಟೋ ಆರೋಗ್ಯ ವಿಮೆಗಳು ಒಪ್ಪುವುದಿಲ್ಲ. ರೋಗಿಯನ್ನು ವಿಮಾನದಲ್ಲಿ ಸಾಗಿಸುವ ಖರ್ಚನ್ನೂ ಒಳಗೊಂಡ ಪ್ರವಾಸ ವಿಮೆ ತೆಗೆದುಕೊಳ್ಳಿ, ಹಿರಿಯರಿದ್ದರೆ ಇದರಲ್ಲಿ ಕೈ ಬಿಗಿಹಿಡಿಯಬೇಡಿ.

4. ಹಡಗು ಹತ್ತುವ ದಿನ

ಬಂದರಿನ ಊರಿಗೆ ಹಿಂದಿನ ದಿನವೇ ತಲುಪಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ, ಚೆಕ್-ಇನ್ ಹೊರಡುವ ಒಂದು, ಒಂದೂವರೆ ಗಂಟೆ ಮೊದಲೇ ಮುಚ್ಚುತ್ತದೆ. ದೊಡ್ಡ ಪೆಟ್ಟಿಗೆಗಳನ್ನು ಹಮಾಲರಿಗೆ ಕೊಟ್ಟರೆ ಅವು ಕ್ಯಾಬಿನ್‌ಗೆ ಬರುವುದು ಸಂಜೆಯಾದ ಮೇಲೆ. ಪಾಸ್‌ಪೋರ್ಟ್, ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಪೆಟ್ಟಿಗೆಗೆ ಹಾಕಿದ ಪಾಸ್‌ಪೋರ್ಟ್ ಬಂದರಿನ ಗೊಂದಲಗಳಲ್ಲಿ ತೀರಾ ಸಾಮಾನ್ಯ.

ರೈಸ್ ಕುಕ್ಕರ್, ಇಂಡಕ್ಷನ್ ಒಲೆ, ಕೆಟಲ್, ಇಸ್ತ್ರಿಪೆಟ್ಟಿಗೆ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಎಲ್ಲವೂ ನಿಷಿದ್ಧ, ಏಕೆಂದರೆ ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಅಪಾಯವಿಲ್ಲ. ಮನೆಯಲ್ಲಿ ಮಾಡಿದ ತಿಂಡಿಯನ್ನೂ ಹಲವು ಕಂಪನಿಗಳು ಬಿಡುವುದಿಲ್ಲ. ಕಾರ್ಖಾನೆಯ ಸೀಲ್ ಇರುವ ಚಟ್ನಿಪುಡಿ, ಖಾರದ ಪೊಟ್ಟಣಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಊಟಕ್ಕೆ ಹೆದರಬೇಕಾಗಿಲ್ಲ. ದೊಡ್ಡ ಹಡಗುಗಳ ಮುಖ್ಯ ಊಟದ ಕೋಣೆಯಲ್ಲಿ ಭಾರತೀಯ ಸಸ್ಯಾಹಾರ ಸಿಗುತ್ತದೆ, ಆದರೆ ಕೇಳಬೇಕು. ಮೊದಲ ರಾತ್ರಿಯೇ ಮುಖ್ಯ ಬಡಿಸುವವರಿಗೆ ಹೇಳಿ, ಪ್ರತಿ ರಾತ್ರಿ ಮರುದಿನದ ಊಟ ತಿಳಿಸಿಬಿಡಿ. ಈರುಳ್ಳಿ-ಬೆಳ್ಳುಳ್ಳಿ ಬೇಡದವರು ಬುಕಿಂಗ್ ಸಮಯದಲ್ಲೇ ಬರೆಸಿಡಬೇಕು.

ಹತ್ತಿದ ತಕ್ಷಣ ಸುರಕ್ಷತಾ ಕವಾಯತು ಮುಗಿಸಿ: ವಿಡಿಯೊ ನೋಡಿ, ನಿಮ್ಮ ತುರ್ತು ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿದರಾಯಿತು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲವಾದರೆ ಹಡಗಿನ ಉಪಗ್ರಹ ಜಾಲಕ್ಕೆ ಸೇರಿಕೊಂಡು ಬಿಲ್ಲು ಬೆಳೆಯುತ್ತದೆ. ವಾಕರಿಕೆಗೆ ಮೆಕ್ಲಿಜಿನ್‌ನಂಥ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಅಲೆ ಏಳುವ ಒಂದು ಗಂಟೆ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

5. ದ್ವೀಪದಲ್ಲಿ ನಿಮಗೆ ಸಿಗುವ ಗಂಟೆಗಳು

ಇಡೀ ಪ್ರವಾಸದ ಜೀವ ಇರುವುದು ಈ ಲೆಕ್ಕದಲ್ಲಿ. ಪಟ್ಟಿಯಲ್ಲಿ 'ಬೆಳಿಗ್ಗೆ 8ರಿಂದ ಸಂಜೆ 5' ಎಂದಿದ್ದರೆ ಒಂಬತ್ತು ಗಂಟೆ ಸಿಕ್ಕಿತು ಎಂದುಕೊಳ್ಳಬೇಡಿ. ಅನುಮತಿ ಸಿಕ್ಕಿ, ಸಾಲು ಕರಗಿ ನೆಲ ಮುಟ್ಟುವಾಗ ಎಂಟೂವರೆ. ಎಲ್ಲರೂ ಹಡಗಿನಲ್ಲಿರಬೇಕಾದ ಸಮಯ ಸಾಮಾನ್ಯವಾಗಿ ಹೊರಡುವ ಅರ್ಧ ಗಂಟೆ ಮೊದಲು, ಅಂದರೆ ನಾಲ್ಕೂವರೆ. ಸ್ವಂತವಾಗಿ ಸುತ್ತುವವರು ಒಂದು ಗಂಟೆ ಕೈಯಲ್ಲಿಟ್ಟುಕೊಂಡು ಮೂರೂವರೆಗೆ ಬಂದರಿನಲ್ಲಿರಬೇಕು. ಉಳಿದದ್ದು ಏಳು ಗಂಟೆ. ಗ್ರ್ಯಾಂಡ್ ಕೇಮನ್, ಬೆಲೀಜ್‌ಗಳಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ, ಸಣ್ಣ ದೋಣಿಗಳಲ್ಲಿ ಕರೆದೊಯ್ಯುತ್ತಾರೆ. ಅಲ್ಲಿ ಇನ್ನೊಂದು ಗಂಟೆ ಕಳೆಯಿರಿ. ಗಾಳಿ ಜೋರಿದ್ದರೆ ಆ ನಿಲುಗಡೆಯೇ ರದ್ದಾಗಬಹುದು.

ಈಗ ಗಡಿಯಾರದ ವಿಷಯ. ಹಡಗು ತಾನು ಹೊರಟ ಊರಿನ ಸಮಯದಲ್ಲೇ ಓಡಿದರೆ ದ್ವೀಪದ ಸಮಯ ಬೇರೆ ಇರಬಹುದು. ಕೊಜುಮೆಲ್, ಜಮೈಕಾ, ಕೇಮನ್ ವರ್ಷವಿಡೀ ಗಡಿಯಾರ ಬದಲಿಸುವುದಿಲ್ಲ. ಫ್ಲಾರಿಡಾ ಬೇಸಿಗೆಯಲ್ಲಿ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ. ಜುಲೈನಲ್ಲಿ ಕೊಜುಮೆಲ್‌ನ ಅಂಗಡಿ ಗಡಿಯಾರ ಮೂರೂವರೆ ತೋರಿಸುವಾಗ ಹಡಗಿನಲ್ಲಿ ನಾಲ್ಕೂವರೆ ಆಗಿರುತ್ತದೆ. ಮೊಬೈಲ್ ದಡ ಮುಟ್ಟಿದೊಡನೆ ಸದ್ದಿಲ್ಲದೆ ಸ್ಥಳೀಯ ಸಮಯಕ್ಕೆ ಹೊರಳುತ್ತದೆ. ಓಡೋಡಿ ಬಂದು ಹಡಗು ದೂರ ಸರಿಯುವುದನ್ನು ನೋಡುತ್ತ ನಿಲ್ಲುವವರು ಎಷ್ಟೋ ಸಲ ಈ ಒಂದು ಗಂಟೆಯಲ್ಲೇ ಸೋತಿರುತ್ತಾರೆ. ತಾನಾಗಿ ಬದಲಾಗದ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಹೊಂದಿಸಿ ಕಟ್ಟಿಕೊಳ್ಳಿ. ಚಳಿಗಾಲದಲ್ಲಿ ಸೇಂಟ್ ಥಾಮಸ್, ಸೇಂಟ್ ಮಾರ್ಟನ್ ಫ್ಲಾರಿಡಾಕ್ಕಿಂತ ಒಂದು ಗಂಟೆ ಮುಂದಿರುತ್ತವೆ. ಅಲ್ಲಿ ತಪ್ಪಾದರೂ ನೀವು ಬೇಗ ಬರುತ್ತೀರಿ, ಅಷ್ಟೆ.

ಹಡಗಿನ ಕಂಪನಿಯೇ ನಡೆಸುವ ಸುತ್ತಾಟ ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ನಿಮ್ಮನ್ನು ಮುಂದಿನ ಬಂದರಿಗೆ ಮುಟ್ಟಿಸುತ್ತದೆ. ಸ್ವಂತವಾಗಿ ಹೋದರೆ ಆ ಹೊಣೆ ನಿಮ್ಮದು. ದೂರದ ಜಾಗಕ್ಕೆ ಕಂಪನಿಯ ಬಸ್ಸು, ಹತ್ತಿರದ್ದಕ್ಕೆ ಸ್ಥಳೀಯ ಟ್ಯಾಕ್ಸಿ ಎಂಬುದು ಸರಿಯಾದ ಸೂತ್ರ. ಕೊಜುಮೆಲ್‌ನಿಂದ ಟುಲುಮ್‌ನ ಮಾಯಾ ಅವಶೇಷ ನೋಡಲು ಪ್ಲಾಯಾ ಡೆಲ್ ಕಾರ್ಮೆನ್‌ಗೆ ಸುಮಾರು 45 ನಿಮಿಷ ದೋಣಿ, ಅಲ್ಲಿಂದ ಸುಮಾರು ಒಂದು ಗಂಟೆ ರಸ್ತೆ, ಮರಳುವಾಗಲೂ ಅಷ್ಟೇ. ಇದು ಕಂಪನಿಯ ಬಸ್ಸಿನ ಕೆಲಸ. ಅದು ಬೇಡವಾದರೆ ಕೊಜುಮೆಲ್ ದ್ವೀಪದೊಳಗೇ ಸ್ಯಾನ್ ಹರ್ವಾಸಿಯೊ ಎಂಬ ಮಾಯಾ ಅವಶೇಷ ಇದೆ. ಸೇಂಟ್ ಲೂಸಿಯಾದಲ್ಲಿ ಹಡಗು ನಿಲ್ಲುವ ಕ್ಯಾಸ್ಟ್ರೀಸ್‌ನಿಂದ ಪಿಟೊನ್ ಶಿಖರಗಳಿಗೆ ತಿರುವು ರಸ್ತೆ. ಮಕ್ಕಳಿದ್ದರೆ ಕರಾವಳಿಗುಂಟ ಹೋಗುವ ಕ್ಯಾಟಮರನ್ ದೋಣಿ ಲೇಸು, ಶಿಖರಗಳು ಚೆಂದ ಕಾಣುವುದೂ ಸಮುದ್ರದಿಂದಲೇ. ಹಳೆಯ ಸ್ಯಾನ್ ಹುವಾನ್‌ಗೆ ವಾಹನವೇ ಬೇಡ, ಎಲ್ ಮೊರೊ ಕೋಟೆಯವರೆಗೂ ನಡೆದೇ ಹೋಗಬಹುದು.

ಆಂಟಿಗುವಾದಲ್ಲಿ ಎಲ್ಲರೂ ಬೀಚಿಗೆ ಓಡುತ್ತಾರೆ. ಕನ್ನಡಿಗರು ಅರ್ಧ ಗಂಟೆ ತೆಗೆದಿಟ್ಟು, ಸೇಂಟ್ ಜಾನ್ಸ್ ಬಂದರಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿರುವ ಆಂಟಿಗುವಾ ರಿಕ್ರಿಯೇಷನ್ ಗ್ರೌಂಡ್ ನೋಡಲೇಬೇಕು. 2002ರ ಮೇ ತಿಂಗಳಲ್ಲಿ ಅನಿಲ್ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಮಾಡಿದ್ದು ಈ ಮೈದಾನದಲ್ಲಿ.

ಕೆಲವು ಸಣ್ಣ ಸಂಗತಿಗಳು ದುಬಾರಿಯಾಗುತ್ತವೆ. ಬಾರ್ಬಡೋಸ್, ಜಮೈಕಾ, ಸೇಂಟ್ ಲೂಸಿಯಾ, ಆಂಟಿಗುವಾಗಳಲ್ಲಿ ಸೈನಿಕರ ಸಮವಸ್ತ್ರದ ಮಚ್ಚೆ ವಿನ್ಯಾಸದ ಬಟ್ಟೆಯನ್ನು ಸಾಮಾನ್ಯರು ತೊಡುವುದು ಕಾನೂನುಬಾಹಿರ, ಮಕ್ಕಳ ಚಡ್ಡಿಗೂ ಇದು ಅನ್ವಯ. ಅಮೆರಿಕಕ್ಕೆ ಸೇರಿದ ವರ್ಜಿನ್ ದ್ವೀಪಗಳಲ್ಲಿ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರಿಲೀನ್ ಇರುವ ಸನ್‌ಸ್ಕ್ರೀನ್ 2020ರಿಂದ ನಿಷೇಧ, ಏಕೆಂದರೆ ಇವು ಹವಳಕ್ಕೆ ವಿಷ. ಜಿಂಕ್ ಆಕ್ಸೈಡ್‌ನದ್ದನ್ನು ಒಯ್ಯಿರಿ. ಅಲ್ಲಿನ ಸೇಂಟ್ ಥಾಮಸ್ ಅಮೆರಿಕದ್ದೇ ಆದರೂ ವಾಹನಗಳು ನಮ್ಮಲ್ಲಿಯಂತೆ ಎಡಕ್ಕೆ ಓಡುತ್ತವೆ, ಅಮೆರಿಕದಲ್ಲಿ ಬೆಳೆದ ಮಕ್ಕಳು ರಸ್ತೆ ದಾಟುವಾಗ ಕೈ ಹಿಡಿಯಿರಿ. ಕೇಮನ್‌ನ ಬೆಲೆಪಟ್ಟಿ ಕೇಮನ್ ಡಾಲರ್‌ನಲ್ಲಿರಬಹುದು. ಅದು ಅಮೆರಿಕದ ಡಾಲರ್‌ಗಿಂತ ದೊಡ್ಡದು, 20 ಎಂದು ಬರೆದಿದ್ದರೆ ಸುಮಾರು 25 ತೆರಬೇಕು. ಅಲ್ಲಿನ ಸ್ಟಿಂಗ್‌ರೇ ಸಿಟಿಯ ಸೊಂಟದಾಳದ ನೀರಿನಲ್ಲಿ ಹೆಜ್ಜೆ ಎತ್ತಿಡದೆ ಕಾಲು ಎಳೆದು ನಡೆಯಿರಿ; ಮರಳಲ್ಲಿ ಮಲಗಿದ ತೊರಕೆ ಮೀನಿನ ಮೇಲೆ ಕಾಲಿಟ್ಟರೆ ಬಾಲದ ಮುಳ್ಳು ಚುಚ್ಚುತ್ತದೆ.

ಸಸ್ಯಾಹಾರಿಗಳಿಗೆ ಪೋರ್ಟೊರಿಕೊ ಸ್ವಲ್ಪ ಕಷ್ಟ. ಬಾಳೆಕಾಯಿಯ ಮೊಫೊಂಗೊ ನೋಡಲು ನಿರಪಾಯ ಎನಿಸಿದರೂ ಅದರೊಳಗೆ ಹುರಿದ ಹಂದಿ ಚರ್ಮ ಇರುವುದು ರೂಢಿ. ಜಮೈಕಾದಲ್ಲಿ 'ಐಟಲ್' ಎಂಬ ಬೋರ್ಡ್ ಹುಡುಕಿ. ರಾಸ್ತಫಾರಿ ಪಂಥದವರ ಸಸ್ಯಾಹಾರ ಅದು. ಟ್ರಿನಿಡಾಡ್‌ನ 'ಡಬಲ್ಸ್' ಕಡಲೆ ಮಸಾಲೆ ತುಂಬಿದ ಕರಿದ ರೊಟ್ಟಿ. 1845ರಿಂದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದ ಭಾರತೀಯರ ಅಡುಗೆಮನೆಯಿಂದ ಬಂದದ್ದು.

ಹಡಗಿನಿಂದ ಇಳಿಯುವಾಗ ಹಡಗಿನ ಕಾರ್ಡ್, ಫೋಟೊ ಇರುವ ಗುರುತಿನ ಚೀಟಿ, ಪಾಸ್‌ಪೋರ್ಟ್-ವೀಸಾದ ಪ್ರತಿ, ಹಡಗಿನಲ್ಲಿ ಅಂದಂದು ಕೊಡುವ ಕಾರ್ಯಕ್ರಮ ಪತ್ರದಲ್ಲಿರುವ ಬಂದರು ಏಜೆಂಟರ ಫೋನ್ ಸಂಖ್ಯೆ ಜೊತೆಗಿರಲಿ. ಹಡಗಿನ ಆಹಾರದಲ್ಲಿ ಹಣ್ಣು, ಸ್ಯಾಂಡ್‌ವಿಚ್ ದಡಕ್ಕೆ ಒಯ್ಯುವಂತಿಲ್ಲ.

6. ಮರಳುವಾಗ

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಕ್ಯಾಬಿನ್ ಹೊರಗಿಡಬೇಕು. ಮರುದಿನ ತೊಡುವ ಬಟ್ಟೆಯನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಅಮೆರಿಕದ ನಾಗರಿಕರಲ್ಲದವರಿಗೆ ತಪಾಸಣೆಯ ಸಾಲು ಉದ್ದವಿರಬಹುದು, ವಿಮಾನ ಮಧ್ಯಾಹ್ನ 12ರ ನಂತರವೇ ಇರಲಿ. ಪೋರ್ಟ್ ಕೆನವೆರಲ್‌ನಲ್ಲಿ ಇಳಿದವರಿಗೆ ಒರ್ಲಾಂಡೊ ವಿಮಾನ ನಿಲ್ದಾಣ ಸುಮಾರು ಒಂದು ಗಂಟೆಯ ದಾರಿ, ಅವರು ಇನ್ನೂ ತಡವಾದ ವಿಮಾನ ಹಿಡಿಯಬೇಕು.

ಪಯಣ ಮುಗಿಸಿ ನೇರ ಬೆಂಗಳೂರಿಗೆ ಹಾರುವವರು ಹಡಗು ಟ್ರಿನಿಡಾಡ್, ಕೊಲಂಬಿಯಾ ಅಥವಾ ಪನಾಮಾದಲ್ಲಿ ನಿಂತಿತ್ತೇ ಎಂದು ನೋಡಿಕೊಳ್ಳಬೇಕು. ಇವು ಹಳದಿ ಜ್ವರದ ಪಟ್ಟಿಯಲ್ಲಿವೆ. ಅಲ್ಲಿಂದ ಹೊರಟ ಆರು ದಿನದೊಳಗೆ ಭಾರತದಲ್ಲಿ ಇಳಿದರೆ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲದವರನ್ನು ಆ ಆರು ದಿನ ತುಂಬುವವರೆಗೆ ಕ್ವಾರಂಟೈನ್‌ನಲ್ಲಿ ಇರಿಸಬಹುದು. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿದ ಹತ್ತು ದಿನದ ಮೇಲೆ. 60 ದಾಟಿದವರಿಗೆ ಈ ಲಸಿಕೆಯಿಂದ ಅಡ್ಡಪರಿಣಾಮದ ಸಾಧ್ಯತೆ ಹೆಚ್ಚು, ಆದ್ದರಿಂದ ಅಪ್ಪ-ಅಮ್ಮ ಜೊತೆಗಿದ್ದರೆ ವೈದ್ಯರನ್ನು ಕೇಳಿದ ಮೇಲೆಯೇ ಇಂಥ ಬಂದರುಗಳಿರುವ ಹಡಗು ಬುಕ್ ಮಾಡಿ.